ಸಿಮೆಂಟು ಸೇತುವೆ ಬಿರುಕು ಬಿಡುವುದು ಏಕೆ?

ಒಂದು ಉದ್ದನೆಯ ಸೀಮೆಸುಣ್ಣ ತಗೊಳ್ಳಿ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿ. ಬೇಗ ಮುರಿಯುವುದಿಲ್ಲ. ಈಗ ಎರಡೂ ತುದಿ ಹಿಡಿದು ಬಾಗಿಸಿ. ಟಕ್ಕಂತ ಮುರಿಯುತ್ತೆ! ಬಾಗಿಸಿದಾಗ ಒಂದು ಬದಿ ಒತ್ತಿಕೊಳ್ಳುತ್ತದೆ, ಇನ್ನೊಂದು ಬದಿ ಎಳೆದುಕೊಳ್ಳುತ್ತದೆ. ಸೀಮೆಸುಣ್ಣ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ.

ಕಾಂಕ್ರೀಟೂ ಹೀಗೆಯೇ. ಎಂ-20 ಎಂಬ ಕಾಂಕ್ರೀಟು 28 ದಿನಗಳಾದ ಮೇಲೆ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸುಮಾರು 200 ಕಿಲೋ ಭಾರ ತಡೆಯುತ್ತದೆ. ಅಂದರೆ ಉಗುರಿನಷ್ಟು ಜಾಗಕ್ಕೆ ಎರಡು ಕ್ವಿಂಟಾಲ್! ಆದರೆ ಎಳೆತ ತಡೆಯುವ ಶಕ್ತಿ ಅದರ ಹತ್ತನೇ ಒಂದು ಪಾಲು ಮಾತ್ರ. ಸೇತುವೆ ಮೇಲೆ ಲಾರಿ ಹೋದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಎರಡು ಕಂಬಗಳ ನಡುವೆ ಅದರ ಅಡಿಭಾಗ ಎಳೆದುಕೊಳ್ಳುತ್ತದೆ. ಅದಕ್ಕೇ ಅಡಿಯಲ್ಲಿ ಕಬ್ಬಿಣದ ಕಂಬಿ ಹಾಕ್ತಾರೆ. ಫ್ರಾನ್ಸ್ ದೇಶದ ತೋಟಗಾರ ಜೋಸೆಫ್ ಮೋನಿಯೆ ಎಂಬಾತ ಸಿಮೆಂಟಿನ ಗಿಡದ ತೊಟ್ಟಿಗಳು ಒಡೆಯದಿರಲಿ ಎಂದು ಒಳಗೆ ಕಬ್ಬಿಣದ ಬಲೆ ಹಾಕಿ, 1867ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು.

ಕಂಬಿ ಇದ್ದರೂ ಬಿರುಕು ಬರಲು ಮುಖ್ಯ ಕಾರಣಗಳು ಮೂರು.

1. ಬೇಗ ಒಣಗುವುದು: ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದ್ದೀರಿ. ಕಾಂಕ್ರೀಟೂ ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆದು. ಅದಕ್ಕೇ ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ ನೀರು ಹಾಕಬೇಕು. ಆದರೆ ಕಲಸುವಾಗ ನೀರು ಜಾಸ್ತಿ ಸುರಿಯಬಾರದು. ಹೆಚ್ಚಾದ ನೀರು ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ.

2. ಬಿಸಿಲು: 100 ಮೀಟರ್ ಉದ್ದದ ಸೇತುವೆ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಸೆಂಟಿಮೀಟರ್ ಉದ್ದವಾಗುತ್ತದೆ. ಅದಕ್ಕಾಗಿ ಅಲ್ಲಲ್ಲಿ ಸಂದು ಬಿಟ್ಟಿರುತ್ತಾರೆ. ಸಂದಿನಲ್ಲಿ ಕಲ್ಲು, ಮಣ್ಣು ತುಂಬಿದರೆ ಹಿಗ್ಗಲು ಜಾಗವಿಲ್ಲದೆ ಅಂಚು ಒಡೆಯುತ್ತದೆ.

3. ತುಕ್ಕು: ಇದೇ ದೊಡ್ಡ ಶತ್ರು. ಬಿರುಕಿನಿಂದ ನೀರು, ಗಾಳಿ ಒಳಗೆ ಹೋಗಿ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಒಳಗಿನಿಂದಲೇ ಕಾಂಕ್ರೀಟನ್ನು ತಳ್ಳಿ ಸೀಳುತ್ತದೆ. ಬಿರುಕು ದೊಡ್ಡದಾದಷ್ಟೂ ನೀರು ಜಾಸ್ತಿ, ನೀರು ಜಾಸ್ತಿಯಾದಷ್ಟೂ ತುಕ್ಕು ಜಾಸ್ತಿ.

ಎಲ್ಲಾ ಬಿರುಕೂ ಅಪಾಯವಲ್ಲ. ಕೂದಲೆಳೆಯಂಥವು ಸಾಮಾನ್ಯ. ಆದರೆ ಬಿರುಕು ಬೆಳೆಯುತ್ತಿದ್ದರೆ, ಕೆಂಪು ಕಲೆ ಇಳಿದಿದ್ದರೆ, ಚೂರು ಉದುರಿ ಕಂಬಿ ಕಾಣಿಸಿದರೆ ತಕ್ಷಣ ಹಿರಿಯರಿಗೆ ಹೇಳಬೇಕು. ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ಬಿರುಕಿನ ತುದಿಯಲ್ಲಿ ಗೆರೆ ಎಳೆದು ತಾರೀಖು ಬರೆದಿಡಬೇಕು.

ಸೇತುವೆ ಬಿದ್ದರೆ ಏನಾಗುತ್ತದೆ ಎಂಬುದು ಕಥೆಯಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಪುಣ್ಯಕ್ಕೆ ಚಾಲಕನನ್ನು ಬದುಕಿಸಿದರು.

ನಮ್ಮ ಹಳ್ಳದ ಸೇತುವೆಯ ಅಡಿಯಲ್ಲಿ ಕೆಂಪು ಕಲೆ ಇದೆ, ಎರಡು ಕಡೆ ಕಂಬಿ ಕಾಣುತ್ತಿದೆ. ಮಳೆಗಾಲಕ್ಕೆ ಮುಂಚೆ ಮೇಷ್ಟ್ರ ಜೊತೆ ಹೋಗಿ ಗೆರೆ ಎಳೆದಿದ್ದೆವು. ಈಗ ಬಿರುಕು ಗೆರೆ ದಾಟಿ ನಾಲ್ಕು ಬೆರಳು ಮುಂದೆ ಹೋಗಿದೆ. ಕಬ್ಬಿನ ಟ್ರಾಕ್ಟರುಗಳು ಓಡಾಡುವ ಕಾಲ ಹತ್ತಿರ ಬಂತು. ಗುರುಗಳು ಅರ್ಜಿ ಬರೆದುಕೊಟ್ಟರೆ ನಾವೆಲ್ಲರೂ ನಮ್ಮ ಮನೆಯವರ ಸಹಿ ಹಾಕಿಸಿ ತರುತ್ತೇವೆ. ರಿಪೇರಿ ಆಗುವ ತನಕ ಯಾರೂ ಸೇತುವೆ ಕೆಳಗೆ ಮೀನು ಹಿಡಿಯಲು, ಆಟ ಆಡಲು ಹೋಗಬೇಡಿ.

– 7ನೇ ತರಗತಿ