ಬೇಗ ಬೆಳೆದ ಮರ ಬಹುಕಾಲ ಬಾಳಬೇಕಾದರೆ

ತೇಗ, ಹೊನ್ನೆ, ಮತ್ತಿಗಳಂತಹ ಗಟ್ಟಿ ಮರಗಳು ಸಾಮಾನ್ಯ ಗೃಹಸ್ಥನ ಕೈಗೆ ಎಟುಕದಂತಾದ ಮೇಲೆ ಆ ಸ್ಥಾನಕ್ಕೆ ತೋಟದ ಮರಗಳು ಬಂದಿವೆ. ಕಾಫಿ ತೋಟದ ಸಿಲ್ವರ್ ಓಕ್, ಕರಾವಳಿಯ ರಬ್ಬರ್, ಬಯಲುಸೀಮೆಯ ರೈತರು ನೆಡುತ್ತಿರುವ ಹೆಬ್ಬೇವು ಇವುಗಳಲ್ಲಿ ಮುಖ್ಯವಾದವು. ಬೆಲೆ ಕಡಿಮೆ, ಕೊಯ್ಲು ಬೇಗ. ಆದರೆ ಸಾಲ ಮಾಡಿ ಕಟ್ಟಿಸಿದ ಮನೆಯ ಚೌಕಟ್ಟಿನಿಂದ ಕೆಲವೇ ವರ್ಷಗಳಲ್ಲಿ ಹಿಟ್ಟು ಉದುರತೊಡಗಿದರೆ ಆ ಉಳಿತಾಯಕ್ಕೆ ಅರ್ಥವಿರುವುದಿಲ್ಲ. ಇಲ್ಲಿ ತಪ್ಪು ಮರದ್ದಲ್ಲ. ಸಂಸ್ಕರಿಸದೆ ಬಳಸಿದ್ದೇ ತಪ್ಪು.

ತೇಗದ ಬಾಳಿಕೆಯ ಗುಟ್ಟು ಅದರ ಚೇಗಿನಲ್ಲಿದೆ. ಮರ ವಯಸ್ಸಾದಂತೆ ಒಳಭಾಗದಲ್ಲಿ ಗೆದ್ದಲು ಮತ್ತು ಶಿಲೀಂಧ್ರಗಳಿಗೆ ಒಗ್ಗದ ರಾಸಾಯನಿಕಗಳನ್ನು ತುಂಬಿಕೊಳ್ಳುತ್ತದೆ. ಎಳೆಯ ವಯಸ್ಸಿನಲ್ಲೇ ಕಡಿಯುವ ಮರದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿಗಟ್ಟಿಗೆಯೇ ಹೆಚ್ಚು. ಅದರಲ್ಲಿ ಉಳಿದಿರುವ ಪಿಷ್ಟವೂ ಸಕ್ಕರೆಯೂ ಕುಟ್ಟೆ ಹುಳುವಿಗೆ ಆಹಾರ.

ಮರದ ಬಾಳಿಕೆಯನ್ನು ಅಳೆಯಲು ವಿಜ್ಞಾನಿಗಳು ಅನುಸರಿಸುವ ಕ್ರಮಕ್ಕೆ 'ಸ್ಮಶಾನ ಪರೀಕ್ಷೆ' ಎಂದೇ ಹೆಸರು. ಮರದ ಗೂಟಗಳನ್ನು ಸಾಲಾಗಿ ನೆಲದಲ್ಲಿ ಅರ್ಧ ಹೂತು, ನಿಯಮಿತವಾಗಿ ಎತ್ತಿ ನೋಡಲಾಗುತ್ತದೆ. ಸರಾಸರಿ 60 ತಿಂಗಳೊಳಗೆ ನಾಶವಾದರೆ ಬಾಳಿಕೆ ಇಲ್ಲದ್ದು, 60ರಿಂದ 120 ತಿಂಗಳು ಉಳಿದರೆ ಮಧ್ಯಮ, ಅದನ್ನು ದಾಟಿದರೆ ಉತ್ತಮ ಎಂದು ಭಾರತೀಯ ಮಾನಕ ವಿಂಗಡಿಸುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂತಹ ಅಧ್ಯಯನಗಳನ್ನು ನಡೆಸುತ್ತ ಬಂದಿದೆ.

ಮೇಲೆ ಬಳಿದರೆ ಸಾಲದು

ಅನೇಕರು ಚೌಕಟ್ಟಿಗೆ ಬಣ್ಣವನ್ನೋ ಔಷಧವನ್ನೋ ಬಳಿದು ನಿಶ್ಚಿಂತರಾಗುತ್ತಾರೆ. ಆ ಲೇಪ ಮರದ ಮೇಲ್ಮೈಯಲ್ಲೇ ನಿಲ್ಲುತ್ತದೆ. ಒಂದು ಬಿರುಕು ಬಿಟ್ಟರೆ ಹುಳುವಿಗೆ ದಾರಿಯಾಯಿತು. ಔಷಧ ಒಳಗೆ ಇಳಿಯಬೇಕು. ಇಲ್ಲಿ ಬಿಳಿಗಟ್ಟಿಗೆಯ ದೌರ್ಬಲ್ಯವೇ ಅನುಕೂಲವಾಗುತ್ತದೆ: ಗಟ್ಟಿ ಚೇಗು ದ್ರಾವಣವನ್ನು ಹೀರದು, ಬಿಳಿಗಟ್ಟಿಗೆ ಸುಲಭವಾಗಿ ಹೀರುತ್ತದೆ.

ಮನೆಯೊಳಗಿನ ಬಳಕೆಗೆ ಬೋರಾನ್ ಸಂಸ್ಕರಣೆ ಸೂಕ್ತ. ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಹಸಿ ಹಲಗೆಗಳನ್ನು ಕೊಯ್ದ ಕೂಡಲೇ ಅದ್ದಿ, ಒತ್ತಾಗಿ ಪೇರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಲವು ವಾರ ಇಡಬೇಕು. ಮರದಲ್ಲಿರುವ ತೇವದ ಮೂಲಕವೇ ಲವಣ ಒಳಕ್ಕೆ ಹರಡುತ್ತದೆ. ಹಿಂದೆ ಹೆಚ್ಚಾಗಿ ಸೌದೆಗೂ ಪ್ಯಾಕಿಂಗ್ ಪೆಟ್ಟಿಗೆಗೂ ಹೋಗುತ್ತಿದ್ದ ರಬ್ಬರ್ ಮರ ಇಂದು ಮೇಜು ಕುರ್ಚಿಗಳಾಗುತ್ತಿರುವುದರಲ್ಲಿ ಬೋರಾನಿನ ಪಾತ್ರ ದೊಡ್ಡದು. ಆದರೆ ಈ ಲವಣ ನೀರಿನಲ್ಲಿ ಕರಗುತ್ತದೆ. ಮಳೆಗೆ ನೆನೆಯುವ ಬೇಲಿ ಕಂಬಕ್ಕೆ ಅದು ಪ್ರಯೋಜನವಿಲ್ಲ.

ಹೊರಾಂಗಣದ ಮರಕ್ಕೆ ಒತ್ತಡದ ಸಂಸ್ಕರಣೆ ಬೇಕು. ಚೆನ್ನಾಗಿ ಒಣಗಿದ ಮರವನ್ನು ಉಕ್ಕಿನ ಉರುಳೆಯೊಳಗಿಟ್ಟು, ಮೊದಲು ಗಾಳಿಯನ್ನು ಹೊರಗೆಳೆದು, ಬಳಿಕ ದ್ರಾವಣವನ್ನು ಒತ್ತಡದಿಂದ ನುಗ್ಗಿಸಲಾಗುತ್ತದೆ. ಇದಕ್ಕೆ ಬಹುಕಾಲ ಬಳಕೆಯಲ್ಲಿರುವ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಮಿಶ್ರಣವನ್ನು 1933ರಲ್ಲಿ ರೂಪಿಸಿದವರು ಭಾರತೀಯ ವಿಜ್ಞಾನಿ ಸೊಂಟಿ ಕಾಮೇಶಂ. ತಾಮ್ರ ಶಿಲೀಂಧ್ರವನ್ನೂ ಆರ್ಸೆನಿಕ್ ಕೀಟಗಳನ್ನೂ ತಡೆದರೆ, ಕ್ರೋಮಿಯಂ ಅವೆರಡನ್ನೂ ಮರದಲ್ಲಿ ಬಿಗಿಯಾಗಿ ಹಿಡಿದಿಡುತ್ತದೆ.

ಆರ್ಸೆನಿಕ್ ಎಂದರೆ ಪಾಷಾಣ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ 2003ರ ಅಂತ್ಯದ ವೇಳೆಗೆ ವಾಸದ ಮನೆಗಳ ಹೆಚ್ಚಿನ ಉಪಯೋಗಗಳಿಗೆ ಈ ಮಿಶ್ರಣವನ್ನು ಕೈಬಿಡಲಾಯಿತು. ಆರ್ಸೆನಿಕ್ ಬದಲು ಬೋರಾನ್ ಸೇರಿಸಿದ ಮಿಶ್ರಣವೂ ಲಭ್ಯವಿದೆ. ಹೀಗೆ ಸಂಸ್ಕರಿಸಿದ ಮರದ ಚೂರುಗಳನ್ನು ಅಡುಗೆ ಒಲೆಗಾಗಲಿ ಬಚ್ಚಲ ಒಲೆಗಾಗಲಿ ಎಂದಿಗೂ ಹಾಕಬಾರದು. ಹೊಗೆಯಲ್ಲಿಯೂ ಬೂದಿಯಲ್ಲಿಯೂ ವಿಷವಿರುತ್ತದೆ.

ಕೊಳ್ಳುವ ಮುನ್ನ

ಮರ ಕೊಳ್ಳುವವರು ಮೂರು ಸಂಗತಿಗಳನ್ನು ವಿಚಾರಿಸುವುದು ಒಳಿತು: ಯಾವ ಲವಣ ಬಳಸಲಾಗಿದೆ, ಅದ್ದಿದ್ದೋ ಒತ್ತಡದಿಂದ ನುಗ್ಗಿಸಿದ್ದೋ, ಬಳಕೆ ಒಳಗೋ ಹೊರಗೋ. ಕೊಯ್ಯುವ, ಕೊರೆಯುವ, ಕೀಲು ಕೂಡಿಸುವ ಕೆಲಸಗಳನ್ನು ಸಾಧ್ಯವಾದಷ್ಟೂ ಸಂಸ್ಕರಣೆಗೆ ಮೊದಲೇ ಮುಗಿಸಬೇಕು. ನಂತರ ಬಡಗಿ ಗರಗಸ ಹಾಕಿದರೆ ಔಷಧ ತಲುಪದ ಒಳಭಾಗ ತೆರೆದುಕೊಳ್ಳುತ್ತದೆ. ಹಾಗೆ ಕತ್ತರಿಸಲೇಬೇಕಾದಾಗ ಆ ತುದಿಗಳಿಗೆ ಮತ್ತೆ ಔಷಧ ಹಚ್ಚಬೇಕು.

ತೋಟದಲ್ಲಿ ಮರ ಬೆಳೆಸಿದ ರೈತನಿಗೂ ಇದು ಸಂಬಂಧಿಸಿದ ವಿಷಯ. ಬೇಗ ಹಾಳಾಗುವುದೆಂಬ ಅಪಖ್ಯಾತಿ ಅಂಟಿದ ಮರಕ್ಕೆ ಸೌದೆಯ ಬೆಲೆಯಷ್ಟೇ ಸಿಗುತ್ತದೆ. ಬಾಳುವುದೆಂಬ ಭರವಸೆ ಮೂಡಿದರೆ ಮಾತ್ರ ಅದೇ ಮರಕ್ಕೆ ಮೋಪಿನ ಬೆಲೆ ಬರುತ್ತದೆ. ಕಾಡಿನ ತೇಗದ ಮೇಲಿನ ಹೊರೆಯೂ ಅಷ್ಟರಮಟ್ಟಿಗೆ ತಗ್ಗುತ್ತದೆ.