ಎಷ್ಟು ಮೆಗಾಪಿಕ್ಸೆಲ್, ಮೇಷ್ಟ್ರೇ?

ಪಾಲಕರ ಸಭೆ ಮುಗಿಸಿ ಕೊಠಡಿಗೆ ಬೀಗ ಹಾಕುತ್ತಿದ್ದೆ. ಒಬ್ಬ ತಂದೆ ಮಗನನ್ನು ಮುಂದೆ ಮಾಡಿಕೊಂಡು ಬಂದರು. ಹುಡುಗ ಒಂಬತ್ತನೆಯ ತರಗತಿ. ‘ಫೋಟೋ ಹುಚ್ಚು ಹಿಡಿದಿದೆ ಸಾರ್. ಕ್ಯಾಮೆರಾ ಕೊಡಿಸು ಅಂತ ಪ್ರಾಣ ತಿನ್ನುತ್ತಾನೆ. ಎಷ್ಟು ಮೆಗಾಪಿಕ್ಸೆಲ್‌ದು ಕೊಡಿಸಿದರೆ ಒಳ್ಳೆಯದು?’ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅಂಗಡಿಯವರು, ಜಾಹೀರಾತುಗಳು ನಮಗೆ ಕಲಿಸಿರುವುದು ಅದೊಂದೇ ಅಳತೆಯನ್ನು. ಆದರೆ ನನಗೆ ತಕ್ಷಣ ನೆನಪಾದದ್ದು ನಾನೇ ಕ್ಯಾಮೆರಾ ಕೊಂಡ ದಿನ.

ಕಡಿಮೆ ಪಿಕ್ಸೆಲ್‌ನ ಹೊಸ ಮಾದರಿ

2009ರ ಡಿಸೆಂಬರ್‌ನಲ್ಲಿ ಕೈಗೆ ಬಾಕಿ ವೇತನ ಬಂದಿತ್ತು. ಮನೆಯಲ್ಲಿ ಮಿಕ್ಸಿ ಕೆಟ್ಟು ಕೂತಿದ್ದರೂ ನಾನು ಮಾತ್ರ ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿದೆ. ಅಲ್ಲಿ ಒಂದೇ ಕುಟುಂಬದ ಎರಡು ಕ್ಯಾಮೆರಾಗಳಿದ್ದವು. ಕ್ಯಾನನ್ ಜಿ10, 2008ರದ್ದು, 14.7 ಮೆಗಾಪಿಕ್ಸೆಲ್. ಕ್ಯಾನನ್ ಜಿ11, ಆ ವರ್ಷವೇ ಬಂದದ್ದು, 10 ಮೆಗಾಪಿಕ್ಸೆಲ್. ‘ಹೊಸದರಲ್ಲಿ ಕಡಿಮೆ ಮಾಡಿಬಿಟ್ಟಿದ್ದಾರೆ ಸಾರ್, ಹಳೆಯದನ್ನೇ ತಗೊಳ್ಳಿ’ ಎಂದ ಅಂಗಡಿಯ ಹುಡುಗ. ನಾನು ಹೊಸದನ್ನೇ ತೆಗೆದುಕೊಂಡೆ. ಅವನ ಮುಖದಲ್ಲಿ ಈ ಮೇಷ್ಟ್ರಿಗೆ ಲೆಕ್ಕ ಬರುವುದಿಲ್ಲ ಎಂಬ ಭಾವವಿತ್ತು.

ಲೆಕ್ಕ ಹೀಗಿದೆ ನೋಡಿ. ಎರಡರಲ್ಲೂ ಬೆಳಕನ್ನು ಗ್ರಹಿಸುವ ಸಂವೇದಕದ ಅಳತೆ ಒಂದೇ: ಸುಮಾರು 7.4 ಮಿ.ಮೀ. ಉದ್ದ, 5.6 ಮಿ.ಮೀ. ಅಗಲ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಹಿಂದೆ ನಾವು ಬಳಸುತ್ತಿದ್ದ ಫಿಲಂ ಸುರುಳಿಯ ಒಂದು ಚೌಕಟ್ಟು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ವಿಸ್ತೀರ್ಣ ಗುಣಿಸಿ ನೋಡಿ, ಈ ಸಂವೇದಕಕ್ಕಿಂತ ಸುಮಾರು 20 ಪಟ್ಟು ದೊಡ್ಡದು.

ಅಂಗಳ ಮತ್ತು ಬಟ್ಟಲು

ತರಗತಿಯಲ್ಲಿ ನಾನು ಇದನ್ನು ಮಳೆಯ ಉದಾಹರಣೆಯಿಂದ ಹೇಳುತ್ತೇನೆ. ಅಂಗಳದ ತುಂಬ ಬಟ್ಟಲು ಜೋಡಿಸಿದ್ದೀರಿ ಎಂದುಕೊಳ್ಳಿ. ಅಂಗಳವೇ ಸಂವೇದಕ, ಒಂದೊಂದು ಬಟ್ಟಲೂ ಒಂದೊಂದು ಪಿಕ್ಸೆಲ್, ಬೀಳುವ ಹನಿಗಳು ಬೆಳಕಿನ ಕಣಗಳಾದ ಫೋಟಾನ್‌ಗಳು. ಬಟ್ಟಲುಗಳ ಸಂಖ್ಯೆ ಹೆಚ್ಚಿಸಬೇಕಾದರೆ ಒಂದೊಂದನ್ನೂ ಚಿಕ್ಕದು ಮಾಡಬೇಕು. ಆದರೆ ಅಂಗಳಕ್ಕೆ ಬೀಳುವ ಒಟ್ಟು ಮಳೆ ಅಷ್ಟೇ ಇರುತ್ತದೆ!

ಹನಿಗಳು ಒಂದೇ ಸಮನೆ ಬೀಳುವುದಿಲ್ಲ. ಸರಾಸರಿ 100 ಹನಿ ಬೀಳುವ ಬಟ್ಟಲಿನಲ್ಲಿ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ ಸುಮಾರು 10. ಶೇಕಡಾ 10ರ ವ್ಯತ್ಯಾಸ. 10,000 ಹನಿ ಬೀಳುವ ಬಟ್ಟಲಿನಲ್ಲಿ ಏರುಪೇರು 100. ಶೇಕಡಾ 1 ಮಾತ್ರ. ಮಂದ ಬೆಳಕಿನ ಚಿತ್ರಗಳಲ್ಲಿ ಮರಳು ಎರಚಿದಂತೆ ಕಾಣುವುದು ಬಹುಮಟ್ಟಿಗೆ ಇದೇ ಏರುಪೇರು. ಆದ್ದರಿಂದ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ‘ಅಂಗಳ ಎಷ್ಟು ದೊಡ್ಡದು?’ ಎಂದು. 2012ರಲ್ಲಿ ಬಂದ ಸೋನಿಯ ಆರ್‌ಎಕ್ಸ್100 ಎಂಬ ಪುಟ್ಟ ಕ್ಯಾಮೆರಾದ ಸಂವೇದಕ 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ. ನನ್ನದಕ್ಕಿಂತ ಎರಡೂವರೆ ಪಟ್ಟಿಗೂ ಮಿಗಿಲು. ಅಂಗಿಯ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾದಲ್ಲಿ ಅದು ದೊಡ್ಡ ಹೆಜ್ಜೆ.

ಪಿಕ್ಸೆಲ್ ಬೇಡವೇ ಬೇಡ ಎಂದಲ್ಲ. ಅಂಗುಲಕ್ಕೆ 300 ಚುಕ್ಕಿಗಳಂತೆ 6 ಅಂಗುಲ ಉದ್ದ, 4 ಅಂಗುಲ ಅಗಲದ ಚಿತ್ರ ಮುದ್ರಿಸಲು 1800ನ್ನು 1200ರಿಂದ ಗುಣಿಸಿ: 21 ಲಕ್ಷ 60 ಸಾವಿರ. ಅಂದರೆ 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. ಎ4 ಹಾಳೆಗೆ 9 ಸಾಕು. ನನ್ನ 10 ನನಗೆ ಎಂದೂ ಕಡಿಮೆ ಬಿದ್ದಿಲ್ಲ.

ಆ ವರ್ಷದ ಅಕ್ಟೋಬರ್‌ನಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸಿಸಿಡಿ ಎಂಬ ಸಂವೇದಕವನ್ನು ಕಲ್ಪಿಸಿದ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಘೋಷಣೆಯಾಗಿತ್ತು. ಜಿ11ರ ಒಳಗಿದ್ದದ್ದೂ ಸಿಸಿಡಿಯೇ. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ‘ಮಕ್ಕಳೇ, ಈ ಸಲದ ನೊಬೆಲ್ ಇದರೊಳಗಿದೆ’ ಎಂದಾಗ ಹಿಂದಿನ ಬೆಂಚಿನವರೂ ಎದ್ದು ಬಂದರು.

ಮಾವಿನ ಮರದ ಕೆಳಗೆ

2010ರ ಜನವರಿ 15ರಂದು ನಮ್ಮ ನಾಡಿನಲ್ಲಿ ಪಾರ್ಶ್ವ ಸೂರ್ಯಗ್ರಹಣ. ಶಾಲೆಯ ಮಾವಿನ ಮರದ ಕೆಳಗೆ, ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕಿಯೂ ಪುಟ್ಟ ಅರೆಚಂದ್ರನಾಗಿತ್ತು. ಒಂದೊಂದು ಸಂದಿಯೂ ಒಂದು ಸೂಜಿರಂಧ್ರ ಕ್ಯಾಮೆರಾ! ಜಿ11ರ ತೆರೆಯನ್ನು ಹೊರಕ್ಕೆ ತಿರುಗಿಸಿ, ಕ್ಯಾಮೆರಾವನ್ನು ನೆಲದ ಹತ್ತಿರ ಹಿಡಿದು ಚಿತ್ರ ತೆಗೆದೆ. ಗ್ರಹಣದ ಕನ್ನಡಕದಿಂದ ಸೂರ್ಯನನ್ನು ನೋಡಿದ್ದ ಒಬ್ಬ ಹುಡುಗಿ ‘ನೆಲದ ಮೇಲೆ ತಲೆಕೆಳಗಾಗಿದೆಯಲ್ಲ ಸಾರ್’ ಎಂದಳು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೆನೋ! ಆ ದಿನ ಅವಳು ಅದನ್ನು ಕಣ್ಣಾರೆ ಕಂಡಳು.

ಚಿಕ್ಕ ಸಂವೇದಕದಿಂದ ಉಪಕಾರವೂ ಉಂಟು. ಹತ್ತಿರದ ಇರುವೆ, ಹಿಂದಿನ ಎಲೆ ಎರಡೂ ಹೆಚ್ಚುಕಡಿಮೆ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಬೆಳಕಿಂಡಿಯನ್ನು ಎಫ್/8ರವರೆಗೆ ಕಿರಿದು ಮಾಡಿದರೆ ವಿವರ್ತನೆಯಿಂದ ಬೆಳಕು ಹರಡಿ ಚಿತ್ರ ಮಸುಕಾಗುತ್ತದೆ. ಇದನ್ನು ಪುಸ್ತಕ ನೋಡಿ ತಿಳಿಯುವುದಕ್ಕಿಂತ ಒಂದೇ ಹೂವನ್ನು ನಾಲ್ಕು ಬಗೆಯಲ್ಲಿ ತೆಗೆದು ತಿಳಿಯುವುದು ಮೇಲು.

ಕಳೆದುಕೊಂಡದ್ದು

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ಒಂದು ಸಂಜೆ ಅಮ್ಮ ದೇವರ ಮುಂದೆ ದೀಪ ಹಚ್ಚಿ ಕೂತಿದ್ದರು. ಫ್ಲಾಷ್ ಬೇಡವೆಂದು ಐಎಸ್ಒ 80ಕ್ಕೆ ಇಳಿಸಿ, ಕ್ಯಾಮೆರಾವನ್ನು ಅಕ್ಕಿ ಅಳೆಯುವ ಸೇರಿನ ಮೇಲೆ ಕೂರಿಸಿ, ಒಂದು ಸೆಕೆಂಡ್ ಬೆಳಕು ಕೊಟ್ಟೆ. ‘ಅಲುಗಾಡಬೇಡಮ್ಮ’ ಎಂದರೆ ಉಸಿರೂ ಬಿಡದೆ ಕೂತರು. ಹತ್ತಾರು ಚಿತ್ರ ತೆಗೆದಿದ್ದೆ. ಮರುವರ್ಷ ಅಮ್ಮ ತೀರಿಕೊಂಡರು.

2014ರಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದು ಬೆಳಿಗ್ಗೆ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತಿತು. ನಾಲ್ಕು ವರ್ಷದ ಚಿತ್ರಗಳೆಲ್ಲ ಅದೊಂದರಲ್ಲೇ ಇದ್ದವು. ಕ್ಯಾಮೆರಾದ ಕಾರ್ಡನ್ನು ಅಳಿಸಿ ಮತ್ತೆ ಬಳಸುತ್ತಿದ್ದೆ. ರಿಪೇರಿಯವರು ಎರಡು ವಾರ ಇಟ್ಟುಕೊಂಡು ಹಿಂದಿರುಗಿಸಿದರು. ಉಳಿದದ್ದು ಕಾಗದದ ಮೇಲಿದ್ದವು ಮಾತ್ರ: ಶಾಲೆಯ ಪ್ರಯೋಗಾಲಯದ ಗೋಡೆಯಲ್ಲಿ ತೂಗಿದ ಗ್ರಹಣದ ಚಿತ್ರ, ಅಕ್ಕ ಹಠಮಾಡಿ ಮುದ್ರಿಸಿಕೊಂಡಿದ್ದ ಅಮ್ಮನ ಒಂದು ಚಿತ್ರ. ಮಕ್ಕಳಿಗೆ ಪ್ರಯೋಗದ ಫಲಿತಾಂಶವನ್ನು ಎರಡು ಕಡೆ ಬರೆದಿಡಿ ಎಂದು ಹೇಳುವ ಮೇಷ್ಟ್ರ ಕಥೆ ಇದು.

ಈಗ ಪ್ರತಿ ಚಿತ್ರಕ್ಕೂ ಮೂರು ಪ್ರತಿ. ಎರಡು ಬೇರೆ ಬೇರೆ ಸಾಧನಗಳಲ್ಲಿ ಮನೆಯಲ್ಲಿ, ಒಂದು ಅಕ್ಕನ ಮನೆಯಲ್ಲಿ. ಮನೆಮಂದಿಯ ಚಿತ್ರಗಳಲ್ಲಿ ಒಳ್ಳೆಯವನ್ನು ಯುಗಾದಿಗೊಮ್ಮೆ ಮುದ್ರಿಸುತ್ತೇನೆ.

ಹಾಗಾದರೆ ಏನು ಕೊಡಿಸಬೇಕು?

ಆ ತಂದೆಗೆ ನಾನು ಹೇಳಿದ್ದಿಷ್ಟು. ಸದ್ಯಕ್ಕೆ ಏನೂ ಕೊಡಿಸಬೇಡಿ. ಇಂದಿನ ಮೊಬೈಲುಗಳು ಹಲವು ಚಿತ್ರಗಳನ್ನು ಒಟ್ಟುಗೂಡಿಸಿ ಒಂದು ಒಳ್ಳೆಯ ಚಿತ್ರ ಮಾಡಿಕೊಡಬಲ್ಲವು. ನಿಮ್ಮ ಮೊಬೈಲನ್ನು ದಿನಕ್ಕೆ ಅರ್ಧ ಗಂಟೆ ಅವನಿಗೆ ಕೊಡಿ. ಮೂರು ತಿಂಗಳು ದಿನಕ್ಕೊಂದೇ ಚಿತ್ರ ತೆಗೆಯಲಿ. ಬೆಳಕು ಯಾವ ಕಡೆಯಿಂದ ಬಂತು, ಚಿತ್ರ ಏಕೆ ಕೆಟ್ಟಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ತೊಂಬತ್ತು ದಿನವೂ ಬರೆದರೆ, ಆಗ ಬೆಳಕಿಂಡಿಯನ್ನೂ ಕವಾಟದ ವೇಗವನ್ನೂ ತಾನೇ ತಿರುಗಿಸಬಲ್ಲ ಒಂದು ಪುಟ್ಟ ಕ್ಯಾಮೆರಾ ಹುಡುಕೋಣ. ಸೆಕೆಂಡ್‌ಹ್ಯಾಂಡ್ ಆದರೂ ನಡೆದೀತು. ಉಳಿದ ಹಣದಲ್ಲಿ ಎರಡು ಹಾರ್ಡ್ ಡಿಸ್ಕ್ ಕೊಳ್ಳಿ.

ಹುಡುಗನ ಮುಖ ಸಪ್ಪಗಾಯಿತು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹೊಸ ನೋಟ್‌ಬುಕ್ಕು. ಮೊದಲ ಪುಟದಲ್ಲಿ ಬರೆದಿತ್ತು: ‘1ನೇ ದಿನ. ಅಜ್ಜಿ. ಕಿಟಕಿ ಬೆಳಕು ಎಡಗಡೆ. ಅಜ್ಜಿ ನಕ್ಕರು, ಚಿತ್ರ ಅಲುಗಿತು.’