ಕಾಲು ಮಿಲಿಮೀಟರಿನ ಮರುಜನ್ಮ

ಮೈಸೂರಿನ ಗೋಕುಲಂ, ಯಾದವಗಿರಿ, ಒಂಟಿಕೊಪ್ಪಲಿನ ಹಳೆಯ ನಿವಾಸಿಗಳಿಗೆ ಜಾವಾ ಬೈಕಿನ ಸದ್ದನ್ನು ಪರಿಚಯಿಸಬೇಕಾಗಿಲ್ಲ. ಗೋಕುಲಂಗೆ ಅಂಟಿಕೊಂಡಂತಿರುವ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು, ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ನೇತೃತ್ವದಲ್ಲಿ 1960ರಲ್ಲಿ ಸ್ಥಾಪನೆಯಾದ ಈ ಕಾರ್ಖಾನೆ, ಮರುವರ್ಷದಿಂದ ಬೈಕುಗಳನ್ನು ತಯಾರಿಸತೊಡಗಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ ಹೊಡೆಯಲೂ ಗೇರು ಬದಲಿಸಲೂ ಒಂದೇ ಲಿವರು ಇವು ಅದರ ಗುರುತುಗಳು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇಂಧನ ಮಿತವಾಗಿ ಬಳಸುವ ಜಪಾನೀ ತಂತ್ರಜ್ಞಾನದ ಬೈಕುಗಳ ಪೈಪೋಟಿ, ಬಿಗಿಯಾಗುತ್ತಾ ಬಂದ ಹೊಗೆ ನಿಯಮಗಳ ನಡುವೆ 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಬೈಕುಗಳು ನಿಲ್ಲಲಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಆಚರಿಸುವ ಜಾವಾ-ಯೆಜ್ಡಿ ದಿನದಂದು ಅರುವತ್ತರ ದಶಕದ ಬೈಕುಗಳೂ ಹೊಳೆಯುತ್ತಾ ಬರುತ್ತವೆ. ಬಣ್ಣ, ನಿಕ್ಕಲ್ ಲೇಪನಗಳನ್ನು ಎಷ್ಟು ಸಲ ಬೇಕಾದರೂ ಹೊಸದು ಮಾಡಬಹುದು. ಆದರೆ ಎಂಜಿನ್ನಿನ ಸಿಲಿಂಡರಿಗೆ ಆ ಭಾಗ್ಯವಿಲ್ಲ. ಅದರ ಆಯುಷ್ಯವನ್ನು ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ಎಣಿಸಬೇಕು.

ಸವೆಯುವುದು ಎಲ್ಲಿ?

ಜಾವಾ 250ರ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 75 ಮಿಲಿಮೀಟರ್. ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಯನ್ನು ನಿಮಿಷಕ್ಕೆ ಸಾವಿರಾರು ಬಾರಿ ಉಜ್ಜುತ್ತವೆ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ ಶಾಖ ಹೆಚ್ಚು, ಎಣ್ಣೆ ಕಡಿಮೆ. ಆದ್ದರಿಂದ ಸವೆತವೂ ಅಲ್ಲೇ ಹೆಚ್ಚು. ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಗೋಡೆಯ ಎರಡು ಬದಿಗಳನ್ನು ಒತ್ತುತ್ತದೆ. ಹೀಗಾಗಿ ದುಂಡಗಿದ್ದ ಸಿಲಿಂಡರು ಕಾಲಕ್ರಮದಲ್ಲಿ ಮೇಲೆ ಅಗಲವಾಗಿ, ಅಡ್ಡಲಾಗಿ ಮೊಟ್ಟೆಯಂತಾಗುತ್ತದೆ. ಕಣ್ಣಿಗೆ ಇದು ಕಾಣುವುದಿಲ್ಲ. ಬೋರ್ ಗೇಜನ್ನು ಒಳಗಿಳಿಸಿ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡೆರಡು ದಿಕ್ಕಿನಲ್ಲಿ ಹೀಗೆ ಆರು ಅಳತೆ ತೆಗೆದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಬೋರ್ ಗೇಜ್ ಇಲ್ಲದಿದ್ದರೆ ರಿಂಗೇ ಸಾಕ್ಷಿ ಹೇಳುತ್ತದೆ. ರಿಂಗನ್ನು ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನ ತಲೆಯಿಂದ ನೆಟ್ಟಗೆ ತಳ್ಳಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಈ ಗಾತ್ರದ ಹೊಸ ಸಿಲಿಂಡರಿನಲ್ಲಿ ಸಂದು ಸುಮಾರು ಕಾಲು ಮಿಲಿಮೀಟರ್ ಇರುತ್ತದೆ. ವ್ಯಾಸ ಹೆಚ್ಚಿದಾಗ ಸುತ್ತಳತೆ ಅದರ 3.14 ಪಟ್ಟು ಹೆಚ್ಚುತ್ತದೆಯಷ್ಟೆ? ಆದ್ದರಿಂದ ವ್ಯಾಸದಲ್ಲಿ 0.2 ಮಿಲಿಮೀಟರ್ ಸವೆದಿದ್ದರೆ ರಿಂಗಿನ ಸಂದು 0.6 ಮಿಲಿಮೀಟರಿಗಿಂತಲೂ ಹೆಚ್ಚು ಹಿಗ್ಗಿರುತ್ತದೆ. ಶಾಲೆಯಲ್ಲಿ ಕಲಿತ ವೃತ್ತದ ಗಣಿತ ಗ್ಯಾರೇಜಿನಲ್ಲಿ ಹೀಗೆ ಕೆಲಸಕ್ಕೆ ಬರುತ್ತದೆ.

ದುಂಡಗಿಲ್ಲದ ಪಿಸ್ಟನ್

ಸವೆದ ಸಿಲಿಂಡರನ್ನು ಮತ್ತೆ ದುಂಡಗಾಗಿಸಲು ಇರುವ ದಾರಿ ಒಂದೇ: ಒಳಗೋಡೆಯನ್ನು ಇನ್ನಷ್ಟು ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು. ಇದೇ ರೀಬೋರ್. ಇದಕ್ಕಾಗಿ ಪಿಸ್ಟನ್ನುಗಳು ಸಾಮಾನ್ಯವಾಗಿ 0.25, 0.50, 0.75 ಮತ್ತು 1 ಮಿಲಿಮೀಟರ್ ಹೆಚ್ಚಿನ ಗಾತ್ರಗಳಲ್ಲಿ ದೊರೆಯುತ್ತವೆ.

ಇಲ್ಲಿ ಅನೇಕರು ತಪ್ಪುವುದು ಕ್ರಮದಲ್ಲಿ. ಸಿಲಿಂಡರನ್ನು ಮೊದಲು ಕೊರೆಸಿ, ಆಮೇಲೆ ಪಿಸ್ಟನ್ ಹುಡುಕುವವರುಂಟು. ಆಗಬೇಕಾದದ್ದು ಇದರ ವಿರುದ್ಧ. ಪಿಸ್ಟನ್ನು ಮೊದಲು ಕೈಗೆ ಬರಬೇಕು, ಅದನ್ನು ಅಳೆಯಬೇಕು, ಆ ಅಳತೆಗೆ ಸಿಲಿಂಡರನ್ನು ಕೊರೆಯಬೇಕು.

ಅಳೆಯುವುದಕ್ಕೂ ಒಂದು ಕ್ರಮವಿದೆ. ಪಿಸ್ಟನ್ ನೋಡಲು ದುಂಡಗಿದ್ದರೂ ನಿಜವಾಗಿ ದುಂಡಗಿಲ್ಲ. ಹೆಚ್ಚು ಬಿಸಿಯಾಗುವ ತಲೆಯ ಭಾಗ ಕಿರಿದು, ಕೆಳಭಾಗ ಅಗಲ. ಗಜನ್ ಪಿನ್ ಹಾಯುವ ದಿಕ್ಕಿನಲ್ಲಿ ಲೋಹ ದಪ್ಪವಿದ್ದು ಹೆಚ್ಚು ಹಿಗ್ಗುವುದರಿಂದ, ಆ ದಿಕ್ಕಿನ ವ್ಯಾಸವನ್ನು ತುಸು ಕಡಿಮೆ ಇಟ್ಟಿರುತ್ತಾರೆ. ಎಂಜಿನ್ ಕಾದಾಗ ಅದು ತಾನಾಗಿ ದುಂಡಗಾಗಬೇಕೆಂಬುದು ಇದರ ಹಿಂದಿನ ಉಪಾಯ. ಆದ್ದರಿಂದ ಮೈಕ್ರೋಮೀಟರನ್ನು ಪಿಸ್ಟನ್ನಿನ ಕೆಳ ಅಂಚಿನಿಂದ ಸ್ವಲ್ಪ ಮೇಲೆ, ಪಿನ್ನಿಗೆ ಅಡ್ಡದಿಕ್ಕಿನಲ್ಲಿ ಹಿಡಿಯಬೇಕು. ಬೇರೆಲ್ಲಿ ಹಿಡಿದರೂ ಬರುವ ಅಳತೆ ಕಡಿಮೆ.

ತಲೆಗೂದಲಿನಷ್ಟು ಜಾಗ

ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಹಳೆಯ ಜಾವಾದ ಸಿಲಿಂಡರು ಎರಕದ ಕಬ್ಬಿಣದ್ದು. ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡೂ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ 65 ಮಿಲಿಮೀಟರಿನ ಪಿಸ್ಟನ್ ಸುಮಾರು 0.13 ಮಿಲಿಮೀಟರ್ ಹಿಗ್ಗುತ್ತದೆ, ಸಿಲಿಂಡರು ಹಿಗ್ಗುವುದು 0.07 ಮಾತ್ರ. ಈ 0.06 ಮಿಲಿಮೀಟರಿನ ವ್ಯತ್ಯಾಸಕ್ಕೆ, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪಕ್ಕೆ, ಮೊದಲೇ ಜಾಗ ಬಿಟ್ಟಿರಬೇಕು.

ಈಗ ಒಂದು ಉದಾಹರಣೆ ನೋಡಬಹುದು. ಎರಡು ತಯಾರಕರ ಪಿಸ್ಟನ್ನುಗಳ ಮೇಲೂ 0.50 ಎಂದು ಮುದ್ರೆ ಇದೆ. ಒಂದು ಅಳತೆಗೆ 65.44 ಬಂತು, ಇನ್ನೊಂದು 65.48. ಮುದ್ರೆಯನ್ನೇ ನಂಬಿ ಎರಡು ಸಿಲಿಂಡರುಗಳನ್ನೂ 65.50ಕ್ಕೆ ಕೊರೆದರೆ ಮೊದಲನೆಯದಕ್ಕೆ 0.06 ಜಾಗ ಸಿಗುತ್ತದೆ, ಎರಡನೆಯದಕ್ಕೆ ಬರೀ 0.02. ಎರಡನೆಯ ಬೈಕು ಮನೆಯ ಮುಂದೆ ಚೆನ್ನಾಗಿಯೇ ಓಡೀತು. ಹೆದ್ದಾರಿಯಲ್ಲಿ ಕಾದಾಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂಚಕ್ರವೇ ಹಠಾತ್ತನೆ ನಿಂತುಬಿಡಬಹುದು. ಸವಾರನ ಪ್ರಾಣಕ್ಕೇ ಸಂಚಕಾರ. ಜಾಗ ಹೆಚ್ಚಾದರೆ ಅಪಾಯ ಕಡಿಮೆ, ಆದರೆ ಪಿಸ್ಟನ್ ಕಟಕಟ ಬಡಿಯುತ್ತದೆ, ಒತ್ತಡ ಸೋರುತ್ತದೆ, ರಿಂಗುಗಳು ಬೇಗ ಹೋಗುತ್ತವೆ.

ಕೊರೆದ ಕೂಡಲೇ ಅಳೆಯುವುದೂ ಸರಿಯಲ್ಲ. ಯಂತ್ರದಿಂದ ಇಳಿಸಿದ ಸಿಲಿಂಡರು ಕೋಣೆಗಿಂತ 30 ಡಿಗ್ರಿ ಬಿಸಿಯಿದ್ದರೆ ಅದರ ವ್ಯಾಸ 0.02 ಮಿಲಿಮೀಟರ್ ಹೆಚ್ಚು ತೋರುತ್ತದೆ. ಪಿಸ್ಟನ್, ಸಿಲಿಂಡರು ಎರಡೂ ಒಂದೇ ತಂಪಿಗೆ ಬರುವವರೆಗೆ ಕಾಯಬೇಕು. ಬೋರಿಂಗ್ ಯಂತ್ರದಲ್ಲಿ ಪೂರ್ಣ ಅಳತೆಗೆ ಕೊರೆಯದೆ ಕೊನೆಯ ಕೆಲವು ನೂರಂಶಗಳನ್ನು ಹೋನಿಂಗ್ ಕಲ್ಲಿಗೆ ಬಿಡುತ್ತಾರೆ. ಆ ಕಲ್ಲು ಗೋಡೆಯ ಮೇಲೆ ಮೂಡಿಸುವ ಅಡ್ಡಡ್ಡ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಜಾವಾ ಎರಡು ಸ್ಟ್ರೋಕಿನ ಎಂಜಿನ್. ಅದರ ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ, ಅವುಗಳನ್ನು ತೆರೆದು ಮುಚ್ಚುವುದು ಪಿಸ್ಟನ್ನೇ. ಕೊರೆದ ಮೇಲೆ ಕಿಂಡಿಗಳ ಅಂಚು ಚೂಪಾಗಿರುತ್ತದೆ. ಅದನ್ನು ಉಜ್ಜಿ ನಯಗೊಳಿಸದಿದ್ದರೆ ರಿಂಗು ಸಿಕ್ಕಿಕೊಂಡು ಮುರಿಯುತ್ತದೆ.

ಉಳಿಸಿಕೊಳ್ಳುವ ಲೆಕ್ಕ

ಬೋರ್ ದೊಡ್ಡದಾದರೆ ಬೈಕಿನ ಶಕ್ತಿಯೂ ಬಹಳ ಹೆಚ್ಚುತ್ತದೆಂಬ ನಂಬಿಕೆ ಇದೆ. 65ರಿಂದ 66 ಮಿಲಿಮೀಟರಿಗೆ ಹೋದರೆ ಎಂಜಿನ್ನಿನ ಗಾತ್ರ 248.9 ಸಿ.ಸಿ.ಯಿಂದ 256.6 ಸಿ.ಸಿ. ಆಗುತ್ತದೆ. ಅದು ನೂರಕ್ಕೆ ಮೂರರಷ್ಟು ಮಾತ್ರ. ಅದಕ್ಕೆ ತೆರುವ ಬೆಲೆ ಮಾತ್ರ ಸಿಲಿಂಡರಿನ ಇಡೀ ಆಯುಷ್ಯ. 0.25ರಲ್ಲಿ ಸರಿಹೋಗುವ ಸವೆತಕ್ಕೆ, ಅಂಗಡಿಯಲ್ಲಿ ಆ ಗಾತ್ರ ಸಿಗಲಿಲ್ಲವೆಂದು 0.75ಕ್ಕೆ ಕೊರೆಸಿದರೆ ಎರಡು ಜನ್ಮಗಳು ಲೇತ್ ಅಂಗಡಿಯ ಕಬ್ಬಿಣದ ಚೂರಾಗಿ ನೆಲಕ್ಕೆ ಬಿದ್ದಂತೆ. ಕೊನೆಯ ಗಾತ್ರವೂ ಮುಗಿದ ಮೇಲೆ ಉಳಿಯುವುದು ಒಳಗೆ ಹೊಸ ಸ್ಲೀವ್ ಕೂರಿಸುವ ದಾರಿ. ನುರಿತ ಕೈ ಇದ್ದರೆ ಅದೂ ಆದೀತು.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೊಂದು ಕಂಪೆನಿಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು. ಅವುಗಳ ಪಿಸ್ಟನ್ ಯಾದವಗಿರಿಯ ಹಳೆಯ ಸಿಲಿಂಡರಿಗೆ ಹೊಂದುವುದಿಲ್ಲ. ಆದ್ದರಿಂದ ತಂದೆಯದೋ ಅಜ್ಜನದೋ ಬೈಕನ್ನು ಮತ್ತೆ ರಸ್ತೆಗಿಳಿಸಹೊರಟವರು ಮೊದಲು ಮಾಡಬೇಕಾದದ್ದು ಸಿಲಿಂಡರಿನಲ್ಲಿ ಎಷ್ಟು ಗಾತ್ರ ಈಗಾಗಲೇ ಖರ್ಚಾಗಿದೆಯೆಂದು ಅಳೆಸುವುದು. ಹಳೆಯ ಪಿಸ್ಟನ್ನಿನ ತಲೆಯ ಮೇಲಿನ ಮಸಿ ಒರೆಸಿದರೆ ಗಾತ್ರದ ಮುದ್ರೆ ಸಾಮಾನ್ಯವಾಗಿ ಅಲ್ಲೇ ಕಾಣಿಸುತ್ತದೆ. ಹೊಸ ಅಳತೆಯನ್ನೂ ಕೊರೆಸಿದ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು ಟೂಲ್‌ಬಾಕ್ಸಿನಲ್ಲಿಟ್ಟರೆ, ಮುಂದೆ ಆ ಎಂಜಿನ್ ಬಿಚ್ಚುವವರಿಗೆ ಅದು ದಾರಿ ತೋರಿಸುತ್ತದೆ.